ಶಿವಗಂಗೆಯ ಗಾಳಿ, ಮಣ್ಣೆಯ ದಾರಿ

ಬಯಲುಸೀಮೆಯ ಆಷಾಢದಲ್ಲಿ ಮಳೆಗಿಂತ ಗಾಳಿಯದೇ ದರ್ಬಾರು. ಮೋಡ ತನ್ನ ಹೊರೆಯನ್ನೆಲ್ಲ ಘಟ್ಟದ ನೆತ್ತಿಯ ಮೇಲೆ ಇಳಿಸಿ, ಹಾಸನ, ತುಮಕೂರು ದಾಟಿ ನೆಲಮಂಗಲದ ಕಡೆ ಬರುವ ಹೊತ್ತಿಗೆ ಅದರ ಬಳಿ ಉಳಿದಿರುವುದು ಒಂದಿಷ್ಟು ತುಂತುರು. ಗಾಳಿಯ ರಭಸ ಮಾತ್ರ ಕುಗ್ಗಿರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಇಲ್ಲಿ 800ರ ಆಸುಪಾಸು. ಅದರಲ್ಲೂ ದೊಡ್ಡ ಪಾಲು ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಜೂನ್ ಕೊನೆಯಿಂದ ಜುಲೈ ಮುಗಿಯುವವರೆಗೆ ಹಗಲೂ ರಾತ್ರಿ ತೆಂಗಿನ ಗರಿಗಳೆಲ್ಲ ಮೂಡಲಿಗೇ ವಾಲಿರುತ್ತವೆ.

ಈ ಗಾಳಿ ಎಲ್ಲಿಂದ ಹೊರಟಿದ್ದು ಎಂಬುದನ್ನು ಯೋಚಿಸಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಹಿಂದೂ ಮಹಾಸಾಗರದ ದಕ್ಷಿಣಾರ್ಧದಲ್ಲಿ ಹುಟ್ಟಿ, ಪೂರ್ವ ಆಫ್ರಿಕಾದ ಬೆಟ್ಟಸಾಲಿಗೆ ತಾಗಿ ಉತ್ತರಕ್ಕೆ ತಿರುಗಿ, ಭೂಮಧ್ಯರೇಖೆ ದಾಟಿ, ಸೊಮಾಲಿಯಾದ ಕರಾವಳಿಯಿಂದ ಅರಬ್ಬೀ ಸಮುದ್ರಕ್ಕೆ ನುಗ್ಗಿ, ಅಲ್ಲಿಂದ ನಮ್ಮ ಘಟ್ಟಕ್ಕೆ ಬಂದು ಅಪ್ಪಳಿಸುವ ಒಂದೇ ಪ್ರವಾಹ ಅದು. ಫಿಂಡ್ಲೇಟರ್ ಎಂಬ ಹವಾಮಾನ ತಜ್ಞ 1969ರಲ್ಲಿ ಅದರ ದಾರಿಯನ್ನು ಗುರುತಿಸಿ ತೋರಿಸಿದ. ನೆಲಕ್ಕೆ ಅಂಟಿಕೊಂಡು ಬೀಸುವುದಕ್ಕಿಂತ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದರ ಆರ್ಭಟ ಹೆಚ್ಚು. ದಾಬಸ್‌ಪೇಟೆಯ ಬಯಲು ಇರುವುದೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಅದರ ಪಕ್ಕದ ಶಿವಗಂಗೆಯ ನೆತ್ತಿ ಸುಮಾರು 4,500 ಅಡಿ, ಅಂದರೆ 1,300 ಮೀಟರಿಗೂ ಮೇಲೆ. ಆ ಪ್ರವಾಹದ ನಡುಮಟ್ಟಕ್ಕೆ ಈ ಬೆಟ್ಟ ಹೆಚ್ಚು ಕಡಿಮೆ ತಲೆ ತಾಗಿಸಿಕೊಂಡೇ ನಿಂತಿದೆ. ಸುತ್ತ ಅಷ್ಟು ಎತ್ತರದ ಅಡ್ಡಿ ಇನ್ನೊಂದಿಲ್ಲ. ಕಡಲ ನಡುವಿನ ದ್ವೀಪಕ್ಕೆ ಯಾವ ಗಾಳಿ ದಕ್ಕುತ್ತದೋ ಈ ಒಂಟಿ ಬಂಡೆಗೂ ಅದೇ ದಕ್ಕುತ್ತದೆ.

ಸ್ಕಾಟ್ಲೆಂಡಿನ ಪಡುವಲಿಗೆ ಔಟರ್ ಹೆಬ್ರಿಡೀಸ್ ಎಂಬ ದ್ವೀಪಮಾಲೆಯಿದೆ. ಮರಗಳು ಎದ್ದು ನಿಲ್ಲಲಾರದಷ್ಟು ಗಾಳಿಯ ಊರು. ಅಲ್ಲಿ ದ್ವೀಪದಿಂದ ದ್ವೀಪಕ್ಕೆ ಸಾಗುವ 297 ಕಿಲೋಮೀಟರಿನ ಸೈಕಲ್ ದಾರಿಯಿದೆ. ಅದನ್ನು ದಕ್ಷಿಣದಿಂದ ಉತ್ತರಕ್ಕೇ ತುಳಿಯಬೇಕೆಂಬುದು ಅಲ್ಲಿನವರ ಬುದ್ಧಿಮಾತು, ಏಕೆಂದರೆ ಗಾಳಿ ಬಹುಪಾಲು ನೈಋತ್ಯದಿಂದ ಬೀಸುತ್ತದೆ. ನಮ್ಮ ಆಷಾಢದ ಗಾಳಿಯದೂ ಅದೇ ದಿಕ್ಕು. ನಕ್ಷೆ ನೋಡಿ ದಾರಿ ಗೊತ್ತುಮಾಡುವುದಕ್ಕೆ ಮುಂಚೆ ಗಾಳಿ ನೋಡಬೇಕು ಎಂಬ ಪಾಠ ದಾಬಸ್‌ಪೇಟೆಯಲ್ಲೂ ನಡೆಯುತ್ತದೆ. ಒಂದು ದಿನದ ಸೈಕಲ್ ಸವಾರಿಗೆ ನಾನು ಹಾಕಿಕೊಂಡ ಲೆಕ್ಕ ಇದು: ಬೆಳಗ್ಗೆ ಗಾಳಿ ಇನ್ನೂ ಸೌಮ್ಯವಾಗಿರುವಾಗ ದಕ್ಷಿಣಕ್ಕೆ, ಶಿವಗಂಗೆಗೆ. ಬಿಸಿಲೇರಿ ಗಾಳಿ ಬಲಿತ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡು ಮೂಡಲಿಗೆ, ತ್ಯಾಮಗೊಂಡ್ಲು ಮಾರ್ಗವಾಗಿ ಗಂಗರ ಹಳೆಯ ರಾಜಧಾನಿ ಮಣ್ಣೆಗೆ. ವಾಪಸು ಬರುವಾಗ ಎದುರುಗಾಳಿ ತಪ್ಪಿದ್ದಲ್ಲ. ಅದನ್ನು ತಿಳಿದೇ ಹೊರಟೆ. ನಿಜ ಹೇಳಬೇಕೆಂದರೆ ಆ ಕೊನೆಯ ಹಾದಿಗಾಗಿಯೇ ಹೊರಟೆ.

ಹಿಂದಿನ ರಾತ್ರಿ ದಾಬಸ್‌ಪೇಟೆಯ ನೆಂಟರ ಮನೆಯಲ್ಲಿ ಉಳಿದಿದ್ದರಿಂದ ಬೆಳಕು ಹರಿಯುವ ಮುಂಚೆ ಪೇಟೆಯ ಬೀದಿಯಲ್ಲಿದ್ದೆ. ಊರಿನ ಹೆಸರು ಒಬ್ಬ ಬ್ರಿಟಿಷ್ ಅಧಿಕಾರಿಯದು. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಡಾಬ್ಸ್ ಎಂಬವನು ಈ ಸೀಮೆಯಲ್ಲಿ ವರ್ಷಗಟ್ಟಲೆ ಓಡಾಡಿದ. ಮುದಿ ವಯಸ್ಸಿನಲ್ಲಿ ಬರೆದ ನೆನಪುಗಳ ಪುಸ್ತಕ 1882ರಲ್ಲಿ ಅಚ್ಚಾಯಿತು. ಅವನ ಕಾಲದಲ್ಲಿ ಗಾಡಿ ಎತ್ತುಗಳು ತಂಗುತ್ತಿದ್ದ ಪೇಟೆ, 1884ರಲ್ಲಿ ಬೆಂಗಳೂರು–ತುಮಕೂರು ರೈಲು ಬಂದ ಮೇಲೆ ಸ್ವಲ್ಪ ಬೆಳೆಯಿತು. ಹೆದ್ದಾರಿ ಅಗಲವಾದ ಮೇಲೆ ಬಹಳ ಬೆಳೆಯಿತು. ಸೋಂಪುರ ಕೈಗಾರಿಕಾ ಪ್ರದೇಶ ಬಂದ ಮೇಲೆ ಬೆಳವಣಿಗೆಗೆ ತಡೆಯೇ ಇಲ್ಲ. ಪುಣೆ–ಬೆಂಗಳೂರು ಹೆದ್ದಾರಿ, ಮಾಗಡಿಯಿಂದ ಕೊರಟಗೆರೆ, ಮಧುಗಿರಿಗೆ ಹೋಗುವ ರಾಜ್ಯ ಹೆದ್ದಾರಿ, ದೊಡ್ಡಬಳ್ಳಾಪುರ, ದೇವನಹಳ್ಳಿ ಮಾರ್ಗವಾಗಿ ಹೊಸಕೋಟೆಗೆ ಹೋಗುವ ಹೊಸ ವರ್ತುಲ ರಸ್ತೆ, ಎಲ್ಲವೂ ಇಲ್ಲಿ ಗಂಟು ಬೀಳುತ್ತವೆ. ಇಷ್ಟು ರಸ್ತೆಗಳ ಊರಿನಲ್ಲಿ ಸೈಕಲ್ಲಿಗೆ ಅಂತ ಒಂದು ಅಡಿ ಜಾಗವಿಲ್ಲ.

ಸೈಕಲ್ಲುಗಳಿಲ್ಲ ಅಂತಲ್ಲ. ಆರು ಗಂಟೆಯ ಪಾಳಿಗೆ ಕಾರ್ಖಾನೆಗಳತ್ತ ಹೊರಟವರು ಸರ್ವಿಸ್ ರಸ್ತೆಯ ಅಂಚಿನಲ್ಲಿ ಸಾಲುಸಾಲಾಗಿ ಬರುತ್ತಿದ್ದರು. ಒಡಿಶಾ, ಬಿಹಾರ, ಅಸ್ಸಾಂ ಕಡೆಯ ಹುಡುಗರು, ನಮ್ಮ ಪಾವಗಡ, ಶಿರಾ ಕಡೆಯವರು. ಹ್ಯಾಂಡಲಿಗೆ ಊಟದ ಡಬ್ಬಿ, ಕೊರಳಿಗೆ ಗುರುತಿನ ಚೀಟಿ. ಕೆಲವರ ಸೈಕಲ್ಲು ನೋಡಿದ ಕೂಡಲೇ ಗುರುತು ಸಿಕ್ಕಿತು, ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟಿದ್ದು. 2006–07ರಲ್ಲಿ ಶುರುವಾದ ಆ ಯೋಜನೆಯಲ್ಲಿ ಹಳ್ಳಿ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುತ್ತಿದ್ದ ದೃಶ್ಯ ನಾಡಿನ ಎಲ್ಲ ರಸ್ತೆಗಳಲ್ಲೂ ಇತ್ತು. ಕೊರೊನಾ ಬಂದ ವರ್ಷ ಅದು ನಿಂತಿತು. ಶಾಲೆ ಮುಗಿಸಿದ ಅಕ್ಕನ ಸೈಕಲ್ಲು ಈಗ ತಮ್ಮನ ಜೊತೆ ಫ್ಯಾಕ್ಟರಿಗೆ ಹೋಗುತ್ತಿದೆ. ಚೈನಿಗೆ ಎಣ್ಣೆ ಕಾಣದೆ ಬಹಳ ದಿನವಾಗಿದೆ, ಬ್ರೇಕಿನ ರಬ್ಬರು ಸವೆದಿದೆ, ಆದರೂ ಓಡುತ್ತದೆ. ಪಕ್ಕದಲ್ಲೇ ಹದಿನಾರು ಚಕ್ರದ ಲಾರಿಗಳು. ಈ ಹುಡುಗರಿಗೆ ಮೂರು ಅಡಿ ಅಗಲದ ಒಂದು ಪಟ್ಟಿ ಬಿಟ್ಟುಕೊಡಲು ನಮ್ಮ ಎಂಜಿನಿಯರಿಂಗಿಗೆ ಸಾಧ್ಯವಿಲ್ಲ ಅಂದರೆ ನಾನು ನಂಬುವುದಿಲ್ಲ. ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಷ್ಟೆ.

ಹೆದ್ದಾರಿಯ ಕೆಳಗಿನಿಂದ ನುಸುಳಿ ಮಾಗಡಿ ರಸ್ತೆಗೆ ಬಿದ್ದರೆ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಎದುರಿಗೆ ಶಿವಗಂಗೆ. ಇನ್ನೂ ನಸುಗತ್ತಲು, ಮೋಡ ಬೆಟ್ಟದ ಕತ್ತಿನವರೆಗೆ ಇಳಿದಿತ್ತು. ಈ ಬೆಟ್ಟದ ಬಗ್ಗೆ ಒಂದು ಮಾತು ಎಲ್ಲರಿಗೂ ಗೊತ್ತು: ಮೂಡಲಿಂದ ನೋಡಿದರೆ ಬಸವ, ಪಡುವಲಿಂದ ಗಣಪತಿ, ತೆಂಕಲಿಂದ ಲಿಂಗ, ಬಡಗಲಿಂದ ಹೆಡೆಯೆತ್ತಿದ ಸರ್ಪ. ಕಕುದ್ಗಿರಿ ಎಂಬ ಹಳೆಯ ಹೆಸರಿಗೂ ಆ ಬಸವನ ಹಿಣಿಲೇ ಕಾರಣ. ಕಾರಿನಲ್ಲಿ ಹೋದವರಿಗೆ ಇದು ಬರೀ ಮಾತಾಗಿ ಉಳಿಯುತ್ತದೆ, ಏಕೆಂದರೆ ನೋಡುನೋಡುತ್ತ ಬೆಟ್ಟದ ಬುಡ ಬಂದುಬಿಟ್ಟಿರುತ್ತದೆ. ಸೈಕಲ್ಲಿನಲ್ಲಿ ಏಳೆಂಟು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿದಾಗ ಹೆಡೆ ಮೆಲ್ಲಗೆ ಅಗಲವಾಗುವುದನ್ನು, ಬೆನ್ನು ತಿರುಚುವುದನ್ನು, ಒಂದು ತಿರುವಿನಲ್ಲಿ ಹಾವು ಹೋಗಿ ಬರೀ ಬಂಡೆಯಾಗಿ ಮುಂದಿನ ತಿರುವಿನಲ್ಲಿ ಇನ್ನೇನೋ ಆಗುವುದನ್ನು ಕಾಣಬಹುದು. ಈ ನಾಲ್ಕು ರೂಪಗಳನ್ನು ಕಂಡುಹಿಡಿದವರು ನಡೆದು ಬಂದವರೇ ಇರಬೇಕು. ಜಾತ್ರೆಗೆ ದನ ಹೊಡೆದುಕೊಂಡು ನಾಲ್ಕೂ ದಿಕ್ಕಿನಿಂದ ಬರುತ್ತಿದ್ದವರು, ರಾತ್ರಿ ತಂಗಿದಲ್ಲಿ ಒಬ್ಬರಿಗೊಬ್ಬರು ತಮಗೆ ಕಂಡ ಬೆಟ್ಟವನ್ನು ಹೇಳಿಕೊಂಡಿರಬೇಕು.

ರಸ್ತೆಯ ಎರಡೂ ಬದಿ ರಾಗಿ ಹೊಲ. ಪುನರ್ವಸು ಮಳೆಗೆ ಬಿತ್ತಿದ್ದು ಬೆರಳುದ್ದ ಬಂದಿತ್ತು. ಸೈಕಲ್ ನಿಲ್ಲಿಸಿ ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಒಂದೊಂದು ಪೈರಿಗೂ ಮೂರೋ ನಾಲ್ಕೋ ಎಲೆ, ಬುಡ ದಾರದೆಳೆಯಷ್ಟು ಸಪೂರ. ಗಾಳಿ ಬಂದಾಗ ಅವು ಒಟ್ಟಿಗೆ ಬಾಗುವುದಿಲ್ಲ. ತೆಂಕಣ ಬದುವಿನಲ್ಲಿ ಶುರುವಾಗಿ ಸಾಲಿನಿಂದ ಸಾಲಿಗೆ ಬಾಗುತ್ತ ಬಂದು ನನ್ನ ಕಾಲ ಬುಡ ದಾಟಿ ಬಡಗಣ ಬದುವಿಗೆ ಹೋಗಿ ಮುಗಿಯುತ್ತದೆ. ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ಅಗಲ ಎಲೆಯ ಅವರೆ ಸಸಿ ಪಟಪಟ ಬಡಿದುಕೊಳ್ಳುತ್ತದೆ, ರಾಗಿ ಸದ್ದೇ ಮಾಡುವುದಿಲ್ಲ. ಕುಂಟೆ ಹೊಡೆಯಲು ಎತ್ತು ಕಟ್ಟುತ್ತಿದ್ದ ಯಜಮಾನರು, "ಗಾಳಿ ಆಡ್ಲಿ ಬಿಡಿ ಸ್ವಾಮಿ, ಗಾಳಿ ಆಡಿದ್ರೆ ಬುಡ ಗಟ್ಟಿ ಆಗ್ತದೆ. ಮಳೆ ಕೈಕೊಡದಿದ್ರೆ ಸಾಕು" ಅಂದರು. ಬೆಟ್ಟದ ಕಡೆ ನೋಡಿ, ಮೋಡ ಹೀಗೆ ಕತ್ತಿಗೆ ಕೂತರೆ ಮಧ್ಯಾಹ್ನದ ಮೇಲೆ ಗಾಳಿ ಜೋರು ಅಂತಲೂ ಹೇಳಿದರು. ಅವರ ಮಾತು ಸುಳ್ಳಾಗಲಿಲ್ಲ.

ಮುಂದೆ ಒಂದು ನೀಲಗಿರಿ ತೋಪು. ಅದರೊಳಗೆ ರಸ್ತೆ ಹೊಕ್ಕ ಕೂಡಲೇ ಗಾಳಿಯ ಒತ್ತಡ ತಟ್ಟನೆ ಬಿಟ್ಟುಹೋಯಿತು, ಸದ್ದು ಮಾತ್ರ ತಲೆಯ ಮೇಲೆ ಉಳಿಯಿತು. ಕಾಲಿಗೆ ಆರಾಮವೇನೋ ಹೌದು. ಆದರೆ ಈ ತೋಪುಗಳು ಕುಡಿದ ನೀರಿನ ಲೆಕ್ಕ ಈ ಸೀಮೆಯ ಬಾವಿಗಳಿಗೆ ಗೊತ್ತು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸಿತು. ಹಳೆಯವು ಕಡಿದಷ್ಟೂ ಚಿಗುರುತ್ತವೆ. ತೋಪಿನ ಅಂಚಿನಲ್ಲಿ ಒಂದು ಸಣ್ಣ ಸೇತುವೆ, ಕೆಳಗೆ ಒಣಮರಳಿನ ಹಳ್ಳ. ಶಿವಗಂಗೆಯ ಸುತ್ತಿನ ಇಂಥ ಹಳ್ಳಗಳೇ ಕೂಡಿ ಕುಮುದ್ವತಿ ನದಿಯಾಗುತ್ತವೆ. ಕುಮುದ್ವತಿ ಅರ್ಕಾವತಿಯನ್ನು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಕಟ್ಟಿದ ಜಲಾಶಯ ಬೆಂಗಳೂರಿಗೆ ದಶಕಗಟ್ಟಲೆ ನೀರುಣಿಸಿತು. ಅಲ್ಲಿಂದ ಮುಂದೆ ಅರ್ಕಾವತಿ, ಕಾವೇರಿ. ಬಡಗಲಲ್ಲಿ ಕಾಣುವ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯ ದಾರಿಯೇ ಬೇರೆ. ಅದು ಉತ್ತರ ಪಿನಾಕಿನಿಗೆ ಸೇರಿ, ಆಂಧ್ರ ಹಾದು, ನೆಲ್ಲೂರಿನ ಬಳಿ ಕಡಲಿಗೆ ಹೋಗುತ್ತದೆ. ಅದೇ ದುರ್ಗದ ಇನ್ನೊಂದು ಮಗ್ಗುಲಿನ ಶಿಂಷಾ ಮತ್ತೆ ಕಾವೇರಿಯ ಪಾಲು. ಒಂದು ದಿನದ ಸೈಕಲ್ ಹಾದಿಯ ಅಂತರದಲ್ಲಿ ನೀರು ಎರಡು ರಾಜ್ಯಗಳ ಕಡೆ ಮುಖ ಮಾಡುತ್ತದೆ. ನೆಲದ ಈ ಏರಿಳಿತ ಕಣ್ಣಿಗೆ ಕಾಣುವುದಕ್ಕೆ ಮುಂಚೆ ತೊಡೆಗೆ ಗೊತ್ತಾಗುತ್ತದೆ. ಸಮತಟ್ಟು ಅಂದುಕೊಂಡ ರಸ್ತೆಯಲ್ಲಿ ಒಂದು ಗೇರು ಇಳಿಸಬೇಕಾಗಿ ಬಂದರೆ ನೀವು ಯಾವುದೋ ಹಳ್ಳದ ಹುಟ್ಟಿನ ಕಡೆ ಹೋಗುತ್ತಿದ್ದೀರಿ ಅಂತ ಅರ್ಥ.

ಬೆಟ್ಟದ ಬುಡದ ಹೂವಿನಂಗಡಿಯವರ ಹತ್ತಿರ ಸೈಕಲ್ ಒಪ್ಪಿಸಿ ಮೆಟ್ಟಿಲು ಹಿಡಿದೆ. ಗಂಗಾಧರೇಶ್ವರನ ಗುಹಾಲಯದಲ್ಲಿ ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ನಂಬಿಕೆ, ಹೊನ್ನಾದೇವಿಯ ಗವಿ, ಪಾತಾಳಗಂಗೆ, ಇವೆಲ್ಲ ಈ ನಾಡಿನ ಮನೆಮನೆಯ ಕತೆ. ನನಗೆ ಎಲ್ಲಕ್ಕಿಂತ ಹಿಡಿಸುವುದು ಒಳಕಲ್ಲು ತೀರ್ಥ. ಬಂಡೆಯ ಸಂದಿಯ ಒರಳಿನಂಥ ಕುಳಿಗೆ ತೋಳು ಇಳಿಬಿಟ್ಟು ತಡಕಬೇಕು. ಪುಣ್ಯವಿದ್ದವರ ಕೈಗೆ ನೀರು ತಾಗುತ್ತದೆ ಅನ್ನುತ್ತಾರೆ. ನನ್ನ ಮುಂದೆ ಒಬ್ಬ ಅಜ್ಜಿ, ಮೊಮ್ಮಗಳ ತೋಳನ್ನು ಹಿಡಿದು ಕೆಳಗೆ ಇಳಿಸುತ್ತಿದ್ದರು. "ಸಿಕ್ತಾ? ತಣ್ಣಗೈತಾ?" ಅಂತ ಮತ್ತೆ ಮತ್ತೆ ಕೇಳಿದರು. ಹುಡುಗಿ ಹೊರತೆಗೆದ ಬೆರಳ ತುದಿಯಲ್ಲಿ ಒಂದು ಹನಿ ಇತ್ತು. ಅಜ್ಜಿ ಅದನ್ನು ತಮ್ಮ ಕಣ್ಣಿಗೆ ಒತ್ತಿಸಿಕೊಂಡರು. ಸುತ್ತ ನಾಲ್ಕು ದಿಕ್ಕಿನಲ್ಲೂ ಸಾವಿರ ಅಡಿಯ ಕೊಳವೆಬಾವಿ ಕೊರೆದರೂ ನೀರು ಸಿಗದ ಊರುಗಳಿರುವಾಗ, ಬೆಟ್ಟದ ಮೇಲಿನ ಬಂಡೆಯೊಳಗಿನ ಆ ಒಂದು ಹನಿಯನ್ನು ನಾನು ಬರೀ ನಂಬಿಕೆ ಅಂತ ಪಕ್ಕಕ್ಕೆ ಸರಿಸಲಾರೆ.

ಒಳಕಲ್ಲು ದಾಟಿದ ಮೇಲೆ ಮೆಟ್ಟಿಲೆಂದರೆ ಬಂಡೆಯಲ್ಲೇ ಕಡಿದ ಗುರುತು, ಹಿಡಿಯಲು ಕಬ್ಬಿಣದ ಸರಳು. ಇದು ಕ್ಲೋಸ್‌ಪೇಟೆ ಗ್ರಾನೈಟು. ರಾಮನಗರಕ್ಕೆ ಹಿಂದೆ ಇದ್ದ ಹೆಸರನ್ನೇ ಭೂವಿಜ್ಞಾನಿಗಳು ಈ ಕಲ್ಲಿಗೆ ಇಟ್ಟರು. ರಾಮನಗರ, ಮಾಗಡಿ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಹೀಗೆ ತೆಂಕಲಿಂದ ಬಡಗಲಿಗೆ ಸುಮಾರು 400 ಕಿಲೋಮೀಟರ್ ಹಬ್ಬಿದ ಈ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಸುತ್ತಣ ಮೆದು ಶಿಲೆ ಸವೆದು ಹೋಗಿ ಗಟ್ಟಿ ಕಲ್ಲು ಉಳಿದಲ್ಲಿ ದುರ್ಗ ಎದ್ದಿತು, ದುರ್ಗ ಎದ್ದಲ್ಲಿ ಪಾಳೇಗಾರ ಬಂದ, ದೇವರೂ ಬಂದ.

ಕೊನೆಯ ಏರಿನಲ್ಲಿ ಗಾಳಿಯ ಮುಖಾಮುಖಿ. ಕೆಳಗಿದ್ದಾಗ ಅದು ಬೀಸಿ ನಿಂತು ಬೀಸುತ್ತಿತ್ತು. ಇಲ್ಲಿ ನಿಲ್ಲುವುದೆಂಬುದೇ ಇಲ್ಲ. ಸರಳಿಗೆ ಕೈ ಇಟ್ಟರೆ ಅದು ಒಳಗೊಳಗೇ ಮಿಡಿಯುತ್ತಿತ್ತು. ಕಿವಿ ಇಟ್ಟರೆ ತಂಬೂರಿಯ ಮಂದ್ರದ ತಂತಿಯ ನಾದ. ಮೋಡ ಕಾಲ ಕೆಳಗಿನಿಂದ ಬಂದು, ಮೈ ತೋಯಿಸಿ, ಆಚೆ ಬದಿಗೆ ಇಳಿದು ಕರಗುತ್ತಿತ್ತು. ನೆತ್ತಿಯ ಬಸವಣ್ಣನ ಪಕ್ಕ ನಿಂತವರೆಲ್ಲ ಒಂದೇ ಕಡೆಗೆ ವಾಲಿಕೊಂಡಿದ್ದರು. ಮಂಗಗಳು ಕೂಡ ಬಂಡೆಯ ಮೂಡಲ ಮಗ್ಗುಲಿಗೆ ಮರೆ ಹಿಡಿದು ಕೂತಿದ್ದವು. ತೀರ್ಥಕಂಬದ ಹತ್ತಿರ ಹೋಗಲು ನಾನು ಕೂತೇ ಸರಿಯಬೇಕಾಯಿತು. ಮಕರ ಸಂಕ್ರಾಂತಿಯ ಮುಂಜಾವು ಆ ಕಂಬದ ಬುಡದಲ್ಲಿ ಒಸರುವ ನೀರನ್ನು ತೆಗೆದುಕೊಂಡು ಹೋಗಿ ಕೆಳಗೆ ಗಂಗಾಧರನ ಕಲ್ಯಾಣ ಮಾಡುತ್ತಾರೆ. ಜಾತ್ರೆಗೆ ಹಳ್ಳಿಕಾರ್ ಎತ್ತುಗಳು ಬರುವುದೂ ಆಗಲೇ.

ಒಂದು ಬದಿಯ ಕಡಿದಾದ ಅಂಚನ್ನು ಶಾಂತಲೆಯ ಹೆಸರಿನಿಂದ ಕರೆಯುತ್ತಾರೆ. ವಿಷ್ಣುವರ್ಧನನ ಪಟ್ಟದರಸಿ ಇಲ್ಲಿಂದ ಹಾರಿ ಜೀವ ಬಿಟ್ಟಳು ಎಂಬುದು ಜನರ ಬಾಯಲ್ಲಿರುವ ಕತೆ. ಬೆಂಗಳೂರಿನ ವ್ಯಾಯಾಮಗುರು ಕೆ.ವಿ. ಅಯ್ಯರ್ ತಮ್ಮ ‘ಶಾಂತಲಾ’ ಕಾದಂಬರಿಯಿಂದ ಆಕೆಯನ್ನು ಕನ್ನಡದ ಮನೆಗಳಿಗೆ ಮತ್ತೆ ಕರೆತಂದರು. ಶ್ರವಣಬೆಳಗೊಳದ ಶಾಸನ ಹೇಳುವುದು ಆಕೆ 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳು, ಅಂದರೆ ತೀರಿಕೊಂಡಳು, ಎಂದಷ್ಟೆ. ಹಾರಿದ ಮಾತು ಅಲ್ಲಿಲ್ಲ. ನನಗೆ ಶಾಸನದ ಮಾತೇ ಹೆಚ್ಚು ಒಪ್ಪಿತ. ನೃತ್ಯ ಸಂಗೀತ ಬಲ್ಲ, ತನ್ನ ಬಿರುದಿನ ಹೆಸರಿನಲ್ಲಿ ಬಸದಿ ಕಟ್ಟಿಸಿದ, ದೊಡ್ಡ ರಾಜ್ಯವೊಂದರ ರಾಣಿಯನ್ನು ನಾವು ಒಂದು ಬಂಡೆಯ ಅಂಚಿಗೆ ತಂದು ನಿಲ್ಲಿಸಿ ಅಲ್ಲೇ ಬಿಟ್ಟಿದ್ದೇವೆ. ಅವಳು ಅಷ್ಟಕ್ಕೆ ಮುಗಿಯುವವಳಲ್ಲ.

ಇಳಿದು ಬಂದು ಪೇಟೆ ಸೇರುವಾಗ ಗಾಳಿ ಬೆನ್ನಿಗಿತ್ತು, ಬೆಳಗಿನ ಅರ್ಧ ಸಮಯವೂ ಹಿಡಿಯಲಿಲ್ಲ. ಮುದ್ದೆ ಬಸ್ಸಾರು ಉಂಡು ಮೂಡಲಿಗೆ ಹೊರಟೆ.

ಬೆನ್ನ ಹಿಂದಿನ ಗಾಳಿ ಕಿವಿಗೆ ಕೇಳಿಸುವುದೇ ಇಲ್ಲ. ನಿಮ್ಮ ವೇಗವೂ ಅದರ ವೇಗವೂ ಒಂದಾದಾಗ ಸುತ್ತ ಗಾಳಿಯೇ ಇಲ್ಲವೆನಿಸಿ ಚೈನಿನ ಸಣ್ಣ ಕಿರಕಿರ, ದೂರದ ಟ್ರ್ಯಾಕ್ಟರು, ಹೊಲದಲ್ಲಿ ಕಳೆ ಕೀಳುವವರ ಮಾತು, ಎಲ್ಲ ನಿಚ್ಚಳ ಕೇಳುತ್ತವೆ. ಕಾಲುಗಳು ಸುಮ್ಮನೆ ತಿರುಗುತ್ತವೆ. ಆ ಹೊತ್ತಿನಲ್ಲಿ ಯಾರಿಗಾದರೂ ತನ್ನ ಶಕ್ತಿಯ ಬಗ್ಗೆ ದೊಡ್ಡ ಅಭಿಪ್ರಾಯ ಬಂದುಬಿಡುತ್ತದೆ. ರೈಲು ಹಳಿಯ ಆಚೆಯ ಒಂದು ಊರಿನ ಬಯಲಿನಲ್ಲಿ ಹುಡುಗರು ಗಾಳಿಪಟ ಬಿಟ್ಟಿದ್ದರು. ಪಕ್ಕದ ದೊಡ್ಡಬಳ್ಳಾಪುರದಲ್ಲಿ ಆಷಾಢ ಏಕಾದಶಿಯ ಸುಮಾರಿಗೆ ಗಾಳಿಪಟ ಹಾರಿಸುವುದು ದೊಡ್ಡವರಿಗೂ ಹಬ್ಬವೇ, ಅದರ ಉತ್ಸಾಹ ಇಲ್ಲಿಯವರೆಗೂ ಬಂದಿದೆ. ಹಳೆಯ ಪೇಪರು, ತೆಂಗಿನ ಕಡ್ಡಿ, ಸೀರೆ ಅಂಚಿನ ಬಾಲಂಗೋಚಿ. ಒಬ್ಬ ಹುಡುಗ ದಾರವನ್ನು ನನ್ನ ಕೈಗೆ ಕೊಟ್ಟ. ಅಷ್ಟು ಮೇಲೆ ಗಾಳಿ ಎಳೆಯುವ ಎಳೆತ ಬೆರಳ ಸಂದಿಯಲ್ಲಿ ಸಿಕ್ಕಿತು. ಬೆಳಗ್ಗೆ ಬೆಟ್ಟದ ಸರಳಿನಲ್ಲಿ ಮುಟ್ಟಿದ್ದು ಇದನ್ನೇ.

ತ್ಯಾಮಗೊಂಡ್ಲು ಹತ್ತಿರವಾದಾಗ ಹಿಂತಿರುಗಿ ನೋಡಿದೆ. ಶಿವಗಂಗೆಯ ಹಾವು ಇರಲಿಲ್ಲ. ಬಯಲಿನ ಅಂಚಿನಲ್ಲಿ ಕಾಲು ಮಡಚಿ ಮಲಗಿದ ಬಸವ, ಹಿಣಿಲು ಸ್ಪಷ್ಟವಾಗಿ ಎದ್ದಿತ್ತು.

ಮಣ್ಣೆಗೆ ಈಗ ಯಾರೂ ರಾಜಧಾನಿ ಎಂದು ಹೋಗುವುದಿಲ್ಲ. ಕೋಲಾರ, ತಲಕಾಡುಗಳ ಹೆಸರಾದರೂ ಜನರಿಗೆ ಗೊತ್ತು. ಎಂಟನೆಯ ಶತಮಾನದಲ್ಲಿ ಗಂಗರ ದೊರೆ ಶ್ರೀಪುರುಷ ನೆಲೆಸಿದ ಮಾನ್ಯಪುರ ಇದೇ. ಆನೆಗಳ ಬಗ್ಗೆ ಗಜಶಾಸ್ತ್ರ ಬರೆದ ದೊರೆ ಅವನು. ಅವನ ನಂತರ ಗಂಗವಾಡಿ ಕೆಲಕಾಲ ರಾಷ್ಟ್ರಕೂಟರ ಕೈಗೆ ಹೋದಾಗಿನ ತಾಮ್ರಶಾಸನಗಳೂ ಮಣ್ಣೆಯ ಹೆಸರಿನಲ್ಲೇ ಇವೆ. ಕಪಿಲೇಶ್ವರ ಗುಡಿಯ ಬಳಿ ಸೈಕಲ್ ಒರಗಿಸಿದಾಗ ಅಲ್ಲಿ ಇದ್ದದ್ದು ಮೇಕೆ ಕಾಯುವ ಒಬ್ಬರು ಮಾತ್ರ. ಪಾಳುಬಿದ್ದ ಗುಡಿ, ಆದರೆ ಬಾಗಿಲವಾಡದ ಕೆತ್ತನೆಯ ಮುಂದೆ ನಿಂತರೆ ಪಾಳು ಎಂಬುದು ಮರೆತುಹೋಗುತ್ತದೆ. ಬಳ್ಳಿಯ ಒಂದೊಂದು ಸುರುಳಿಯ ಒಳಗೂ ಉಳಿಯ ಗುರುತು ಇನ್ನೂ ಚೂಪಾಗಿದೆ; ಕೈಗೆಟಕುವ ಎತ್ತರದಲ್ಲಿ ಮಾತ್ರ ಜನ ಮುಟ್ಟಿ ಮುಟ್ಟಿ ನುಣುಪಾಗಿದೆ. ಸಾವಿರದ ಇನ್ನೂರು ವರ್ಷದ ಆಷಾಢದ ಗಾಳಿಗಳು ಸವೆಸಿದ್ದಕ್ಕಿಂತ ಮನುಷ್ಯರ ಕೈ ಹೆಚ್ಚು ಸವೆಸಿದೆ. "ದೊಡ್ಡೋರು ಯಾರೂ ಬರಲ್ಲ ಸಾಮಿ, ಕಾಲೇಜು ಮಕ್ಕಳು ಬತ್ತಾರೆ, ಫೋಟೋ ಹೊಡ್ಕತಾರೆ, ಹೋಯ್ತಾರೆ" ಅಂದರು ಮೇಕೆಯವರು. ನೆಲಮಂಗಲ ತಾಲ್ಲೂಕಿನ ಪ್ರತಿ ಶಾಲೆಯ ಮಗುವನ್ನೂ ಒಂದು ದಿನ ಇಲ್ಲಿಗೆ ಕರೆತರಬೇಕು. ನಮ್ಮೂರಿನ ಪಕ್ಕ ಫ್ಯಾಕ್ಟರಿಗಳಷ್ಟೇ ಅಲ್ಲ, ಒಂದು ರಾಜಧಾನಿಯೂ ಇತ್ತು ಎಂದು ತಿಳಿದು ಬೆಳೆಯುವ ಮಗುವಿನ ನಡಿಗೆಯೇ ಬೇರೆಯಾಗಿರುತ್ತದೆ.

ಮೂರೂವರೆಗೆ ವಾಪಸು ತಿರುಗಿದೆ. ಮೊದಲ ಪೆಡಲಿಗೇ ತಿಳಿಯಿತು.

ಇದರ ಲೆಕ್ಕ ಸರಳ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಯಿಲ್ಲದ ದಿನ ಗಂಟೆಗೆ 20 ಕಿಲೋಮೀಟರ್ ಹೋಗುವವನಿಗೆ ಎದುರಿನಿಂದ ಅಷ್ಟೇ ವೇಗದ ಗಾಳಿ ಬಂದರೆ, ಮೊದಲಿನ ವೇಗ ಉಳಿಸಿಕೊಳ್ಳಲು ನಾಲ್ಕು ಪಟ್ಟು ತಡೆಯನ್ನು ನೂಕಬೇಕು. ಯಾರಿಂದಲೂ ಆಗದು. ಆದ್ದರಿಂದ ಎಲ್ಲರೂ ಮಾಡುವುದನ್ನೇ ಮಾಡಬೇಕು: ಗೇರು ಇಳಿಸಿ, ಮೊಣಕೈ ಮಡಚಿ, ಎದೆಯನ್ನು ಹ್ಯಾಂಡಲಿಗೆ ತಂದು, ವೇಗದ ಆಸೆ ಬಿಡಬೇಕು. ಹೋಗುವಾಗ ಒಂದೇ ಉಸಿರಿಗೆ ದಾಟಿದ ದಾರಿಗೆ ಈಗ ಮೂರು ಪಟ್ಟು ಹೊತ್ತು. ಮಾತಾಡಿಕೊಳ್ಳಲು ಜೊತೆಯಿಲ್ಲ, ಇದ್ದಿದ್ದರೂ ಗಾಳಿಯಲ್ಲಿ ಮಾತು ಕೇಳುತ್ತಿರಲಿಲ್ಲ. ಜೊತೆಗಾರರಿದ್ದರೆ ಒಬ್ಬರ ಹಿಂದೆ ಒಬ್ಬರು ಮರೆಯಾಗಿ ಸರದಿಯಲ್ಲಿ ಸಾಗಬಹುದು. ಒಬ್ಬನೇ ಬಂದವನಿಗೆ ಪೂರ್ತಿ ಗಾಳಿ ಅವನದೇ.

ಆ ನಿಧಾನದಲ್ಲಿ ಕಂಡದ್ದು ಎಷ್ಟೊಂದು! ಹೋಗುವಾಗ ಒಂದೇ ಹಸಿರಾಗಿ ಹರಿದುಹೋಗಿದ್ದ ಹೊಲಗಳು ಈಗ ಒಂದೊಂದಾಗಿ ಬಿಡಿಸಿಕೊಂಡವು. ಒಂದರಲ್ಲಿ ರಾಗಿ, ಮುಂದಿನದರಲ್ಲಿ ಜೋಳದ ಮೇವು, ಅದರಾಚೆ ಕಲ್ಲು ನೆಟ್ಟು ತಂತಿ ಎಳೆದು ಬಡಾವಣೆ ಮಾಡಿದ್ದು. ನಿವೇಶನದ ಗುರುತಿನ ಕಲ್ಲುಗಳ ನಡುವೆ ಹೋದ ವರ್ಷದ ರಾಗಿ ತಾನಾಗಿ ಹುಟ್ಟಿಕೊಂಡಿತ್ತು. ಒಂದು ಕೆರೆಯ ಏರಿ. ನೀರು ಅಂಗಳದ ನಡುವೆ ಒಂದಿಷ್ಟೇ ಇದ್ದರೂ ಅಲೆ ಎದ್ದು ಮೂಡಲ ದಂಡೆಗೆ ಬಡಿಯುತ್ತಿತ್ತು. ಏರಿಯ ಮೇಲಿನ ಅರಳಿಮರದ ಕೊಂಬೆಗಳು ಪಡುವಲ ಕಡೆ ಗಿಡ್ಡ, ಮೂಡಲ ಕಡೆ ಉದ್ದ. ವರ್ಷವರ್ಷವೂ ಇದೇ ಗಾಳಿಗೆ ಬೆಳೆದ ಮರದ ಆಕಾರ ಅದು. ಈ ಸೀಮೆಯಲ್ಲಿ ಹಳೆಯ ಮನೆಗಳ ಬಾಗಿಲು ಸಾಮಾನ್ಯವಾಗಿ ಮೂಡಲಿಗೇ ಇರುವುದಕ್ಕೆ ಶಾಸ್ತ್ರ ಎಷ್ಟು ಕಾರಣವೋ ಆಷಾಢವೂ ಅಷ್ಟೇ ಕಾರಣವಿರಬೇಕು ಅನ್ನಿಸಿತು. ಹಿತ್ತಿಲ ಗೋಡೆಗಳನ್ನು ನೋಡುತ್ತ ಬಂದೆ. ಪಡುವಲ ಗೋಡೆಯ ಮಣ್ಣು ಎಲ್ಲೆಡೆ ಹೆಚ್ಚು ಕಿತ್ತಿತ್ತು.

ಬೆಟ್ಟದ ಮೇಲಿನಿಂದ ನೋಡಿದ್ದು ನಾಡಿನ ನಕ್ಷೆ. ಬೆನ್ನಗಾಳಿಯಲ್ಲಿ ನೋಡಿದ್ದು ನಾಡಿನ ಚಿತ್ರ. ಒಂದು ಸೀಮೆ ಹೇಗೆ ಬದುಕುತ್ತಿದೆ ಎಂಬುದು ನನಗೆ ಸಿಕ್ಕಿದ್ದು ಎದುರುಗಾಳಿಯ ಈ ಹಾದಿಯಲ್ಲೇ. ಇಲ್ಲಿ ತಲೆ ತಗ್ಗಿಸಿದವನಿಗೆ ಮೊದಲು ಕಾಣುವುದು ಹತ್ತಿರದ ಹತ್ತು ಮಾರು ನೆಲ, ಆಮೇಲೆ ಅದರಾಚೆಯ ಹತ್ತು ಮಾರು.

ಹೆದ್ದಾರಿಯ ಸದ್ದು ಕೇಳುವ ಹೊತ್ತಿಗೆ ಸಂಜೆಯಾಗಿತ್ತು. ವಾಯವ್ಯಕ್ಕೆ ನಿಜಗಲ್ಲಿನ ಗುಡ್ಡ ಕಪ್ಪಾಗಿ ಕಂಡಿತು. 1770ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವನ್ನು ಬಹಳ ದಿನ ಕಾಡಿಸಿದ ಕೋಟೆ ಅದು, ಕೊನೆಗೆ ಚಿತ್ರದುರ್ಗದ ನಾಯಕನ ಪಡೆ ಬಂದ ಮೇಲೆ ಬಿತ್ತು. ಇದೇ ಹೆದ್ದಾರಿ ಹಿಡಿದು ಹೋದರೆ ಆ ನಾಯಕನ ಊರಿನ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ನನ್ನನ್ನು ಇಡೀ ಮಧ್ಯಾಹ್ನ ತಡೆದ ಗಾಳಿ ಅಲ್ಲಿ ಊರುಗಳಿಗೆ ದೀಪ ಹಚ್ಚುತ್ತದೆ.

ಸರ್ವಿಸ್ ರಸ್ತೆಯ ಟೀ ಅಂಗಡಿಯಲ್ಲಿ ಪಾಳಿ ಮುಗಿಸಿ ಬಂದ ಒಬ್ಬ ಹುಡುಗ ತನ್ನ ಸೈಕಲ್ಲಿನ ಸೀಟನ್ನು ಕೆಳಗಿಳಿಸುತ್ತಿದ್ದ. ಬೆಳಗ್ಗೆ ಹೋಗುವಾಗ ಮೇಲಿಡುತ್ತಾನಂತೆ, ಸಂಜೆ ಎದುರುಗಾಳಿಗೆ ಮೈ ತಗ್ಗಲಿ ಎಂದು ಇಳಿಸುತ್ತಾನಂತೆ. ಶಿರಾ ಕಡೆಯವನು. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. "ದಿನಾ ತುಳಿದ್ರೆ ಗೊತ್ತಾಗ್ತದೆ ಅಣ್ಣ" ಅಂದ. ಕತ್ತಲಾದ ಮೇಲೆ ಲಾರಿಯವರಿಗೆ ಕಾಣುತ್ತೀಯಾ ಎಂದು ಕೇಳಿದೆ. ಹಿಂದಿನ ಮಡ್‌ಗಾರ್ಡಿಗೆ ಅಂಟಿಸಿದ ಕೆಂಪು ಹೊಳಪಿನ ಪಟ್ಟಿ ತೋರಿಸಿದ, ಒಂದು ಕೊನೆ ಕಿತ್ತುಬಂದಿತ್ತು. ನನ್ನ ಚೀಲದಲ್ಲಿದ್ದ ಬ್ಯಾಟರಿಯ ಹಿಂಬದಿ ದೀಪವನ್ನು ಬಿಚ್ಚಿ ಅವನ ಸೀಟಿನ ಕಂಬಕ್ಕೆ ಕಟ್ಟಿದೆವು. ಅವನು ಮೂರು ಸಲ ಹಚ್ಚಿ ಆರಿಸಿ ನೋಡಿದ.

ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸುತ್ತದೆ. ಆಗ ಬೆಳಗ್ಗೆಯೇ ಮಣ್ಣೆಗೆ ಹೋಗಿ, ಬೆನ್ನಗಾಳಿಯಲ್ಲಿ ಶಿವಗಂಗೆಯ ಜಾತ್ರೆಗೆ ಇಳಿಯಬೇಕು. ಹೆದ್ದಾರಿ ದಾಟುವ ಜಾಗದಲ್ಲಿ ಅಷ್ಟರೊಳಗೆ ಒಂದು ಸೈಕಲ್ ಪಟ್ಟಿ ಬಂದಿದ್ದರೆ ಆ ಹುಡುಗನಿಗೆ ಮೊದಲು ಖುಷಿಯಾಗುತ್ತದೆ.